ಮಂಜಿಯ ಮೂತಿಗೆ ಎರಡು ಬೈರಾಸು

“ಟೀಚರೇ, ನಮ್ ಮನಿಯೋರ್ನ ಪೋಲೀಸ್ರ್ ಕರ್ಕಂಡ್ ಹೋದ್ರ್. ಬಚ್ಚಣ್ಣನ್ನ ಇವ್ರೇ ಕೊಂದದ್ದ್ ಅಂಬ್ರ್!”

ಅಷ್ಟು ಹೇಳುವುದರೊಳಗೆ ಗುಲಾಬಿ ಜಗಲಿಯ ಮೆಟ್ಟಿಲ ಮೇಲೆ ಕುಸಿದಳು. ಹಂಗಾರಕಟ್ಟೆಯಿಂದ ಬ್ರಹ್ಮಾವರದವರೆಗೆ ಬೆಳಗಾಗುವ ಮೊದಲೇ ಹೊರಟು ನಡೆದು ಬಂದಿದ್ದಳು, ಪಾಪ. ಕೃಷ್ಣಯ್ಯ ಕೈಯಲ್ಲಿದ್ದ ಕಾಫಿ ಲೋಟವನ್ನು ಕೆಳಗಿಟ್ಟು ನೀರು ತರಲು ಒಳಗೋಡಿದ.

1962ರ ಅಕ್ಟೋಬರ್ ತಿಂಗಳ ಒಂದು ಭಾನುವಾರ ಅದು. ಡಾಕ್ಟರ ಷಾಪಿನ ತಲೆ ನರೆತ ಕಂಪೌಂಡರ್ ಕೃಷ್ಣಯ್ಯನಿಗೆ ಭಾನುವಾರ ಬಂತೆಂದರೆ ಪ್ರಭಾವತಿ ಟೀಚರ ಜಗಲಿಯೇ ಗತಿ. ಟೀಚರು ಶಾಲೆ ಬಿಟ್ಟು ನಾಲ್ಕು ವರ್ಷವಾಗಿತ್ತು. ಸುತ್ತಲಿನ ಊರುಗಳಲ್ಲಿ ಕಳವಾಗಲಿ, ಅನುಮಾನದ ಸಾವಾಗಲಿ, ಜನ ಮೊದಲು ಹತ್ತುತ್ತಿದ್ದುದು ಅವರ ಮೆಟ್ಟಿಲನ್ನು. ಅವರ ಹಿಂದೆ ಕೊಡೆ ಹಿಡಿದು ತಿರುಗುವ ಕೆಲಸ ಕೃಷ್ಣಯ್ಯನದು. ತಲೆ ಟೀಚರದ್ದು, ಕಾಲು ನನ್ನದು ಎಂದು ಅವನೇ ನಗುತ್ತ ಹೇಳಿಕೊಳ್ಳುತ್ತಿದ್ದ. ಆ ದಿನ ಮಾತ್ರ ಅವನಿಗೆ ನಗು ಬರಲಿಲ್ಲ.

“ನೀರ್ ಕುಡಿ ಮೊದ್ಲ್,” ಎಂದರು ಟೀಚರು. “ಆಮೇಲೆ ಎಂತ ಆಯ್ತ್ ಅಂದ್ ಸರಿಯಾಯ್ ಹೇಳ್.”

ಗುಲಾಬಿ ಹೇಳಿದಳು. ಅವಳ ಗಂಡ ಐತ ಮತ್ತು ಬಚ್ಚ ಇಬ್ಬರೂ ಅಣ್ಣಯ್ಯ ಶೆಟ್ಟರ ಅಂಗಳದಲ್ಲಿ ಮಂಜಿ ಕಟ್ಟುವವರು. ಮಂಜಿಯೆಂದರೆ ಸರಕು ಹೇರುವ ದೊಡ್ಡ ಹಾಯಿದೋಣಿ. ಬಲಮಗ್ಗುಲಿಗೆ ಐತ ಮುಖ್ಯಸ್ಥ, ಎಡಮಗ್ಗುಲಿಗೆ ಬಚ್ಚ, ಒಬ್ಬೊಬ್ಬರ ಕೈಕೆಳಗೆ ಆರಾರು ಜನ. ಹದಿನೆಂಟು ವರ್ಷ ಒಂದೇ ಬುತ್ತಿ ಬಿಚ್ಚಿ ಉಂಡವರು. ಮೂರು ತಿಂಗಳ ಹಿಂದೆ, ಬೊಂಬಾಯಿಯ ಮಿಲ್ಲಿನಲ್ಲಿ ಸೂಪರ್‌ವೈಸರ್ ಆಗಿದ್ದ ಶೆಟ್ಟರು ಊರಿಗೆ ಬಂದು ಹೊಸ ಕಾನೂನು ಮಾಡಿದರು. ಯಾವ ಮಗ್ಗುಲಿನ ಕೆಲಸ ಮೊದಲು ಮುಗಿಯುತ್ತದೋ, ಯಾರದ್ದರಲ್ಲಿ ತಪ್ಪು ಕಡಿಮೆಯೋ, ಆ ಮುಖ್ಯಸ್ಥ ಇಡೀ ಅಂಗಳಕ್ಕೆ ಮೇಸ್ತ್ರಿ. ಇನ್ನೊಬ್ಬ ಅವನ ಕೈಕೆಳಗೆ.

“ಅಲ್ಲಿಂದ ಶುರು ಟೀಚರೇ. ಒಬ್ಬರ್ ಮುಖ ಒಬ್ರ್ ಕಾಂಬುಕಿಲ್ಲೆ, ಮಾತಿಲ್ಲೆ, ಕತಿಯಿಲ್ಲೆ.”

ಮಂಜಿ ಕಟ್ಟುವಾಗ ಅದು ಎರಡೂ ಕಡೆ ಆನಿಕೆ ಕಂಬಗಳ ಮೇಲೆ ನಿಂತಿರುತ್ತದೆ. ನೀರಿಗಿಳಿಸುವ ದಿನ ಕೊನೆಯ ಎರಡು ಕಂಬಗಳನ್ನು ಎಡಬಲದಿಂದ ಒಟ್ಟಿಗೆ ಹೊಡೆದು ಬೀಳಿಸಿದರೆ, ಅದು ಒಂದು ಮೊಳ ಕೆಳಗಿಳಿದು ಉರುಳು ಮರಗಳ ಮೇಲೆ ಕೂರುತ್ತದೆ. ಅಡಿಯಲ್ಲಿ ಸಿಕ್ಕಿದವನ ಕತೆ ಮುಗಿದಂತೆಯೇ. ಅದಕ್ಕಾಗಿ ಆ ಅಂಗಳದಲ್ಲಿ ಅಜ್ಜಂದಿರ ಕಾಲದಿಂದ ಒಂದು ಕಟ್ಟಳೆಯಿತ್ತು. ಇಬ್ಬರು ಮುಖ್ಯಸ್ಥರೂ ತಮ್ಮ ತಮ್ಮ ಕಡೆ ಬಗ್ಗಿ ನೋಡಿ, ತಮ್ಮ ಬೈರಾಸನ್ನು, ಎಂದರೆ ಹೆಗಲ ವಸ್ತ್ರವನ್ನು, ಮಂಜಿಯ ಮೂತಿಯ ಮೊಳೆಗೆ ತಾವೇ ತೂಗುಹಾಕಬೇಕು. ಎರಡು ಬೈರಾಸು ಕಂಡರೆ ಮಾತ್ರ ಕೊಡತಿ, ಮರದ ದೊಡ್ಡ ಸುತ್ತಿಗೆ, ಎತ್ತುವುದು.

ಶನಿವಾರ ಬೆಳಿಗ್ಗೆ ಎರಡು ಬೈರಾಸು ತೂಗುತ್ತಿದ್ದವು. ಐತ ಬಲಗಡೆಯ ಕಂಬ ಹೊಡೆದ, ಎಡಗಡೆಯವರು ತಮ್ಮದನ್ನು ಹೊಡೆದರು. ಮಂಜಿ ಇಳಿದು ಕೂತಾಗ ಅಡಿಯಿಂದ ಒಂದು ಕೂಗು ಕೇಳಿತು. ಅಡಿಯಲ್ಲಿದ್ದವನು ಬಚ್ಚ.

ಗುಲಾಬಿಯ ಜೊತೆ ಹಂಗಾರಕಟ್ಟೆಯ ಅಂಗಳ ತಲುಪಿದಾಗ ಎಸ್ಸೈ ಸಾಹೇಬರು ಟೀಚರನ್ನು ಕಂಡು ಟೊಪ್ಪಿ ತೆಗೆದರು. ಅವರಿಗೂ ಮಗ್ಗಿ ಕಲಿಸಿದ್ದು ಇದೇ ಟೀಚರು.

“ಸುಲಭದ ಕೇಸು ಟೀಚರ್. ಬಚ್ಚನ ಬೈರಾಸು ಅವನ ತಲೆಗೇ ಸುತ್ತಿತ್ತು. ಹಾಗಾದರೆ ಮೂತಿಯಲ್ಲಿದ್ದ ಎರಡನೆಯದನ್ನು ತೂಗುಹಾಕಿದವನು ಅವನಲ್ಲ, ಬೇರೆ ಯಾರೋ. ಹೆಣ ಬಿದ್ದಿದ್ದು ಎಡಗಡೆಯಲ್ಲಲ್ಲ, ಐತನ ಬಲಮಗ್ಗುಲಿನ ಅಡಿಯಲ್ಲಿ. ಕಂಬ ಹೊಡೆದವನು ಐತ. ಹಗೆಯಿದ್ದದ್ದು ಊರಿಗೇ ಗೊತ್ತು.”

“ಐತ ಎಂತ ಹೇಳ್ತ?”

“ಏನೂ ಇಲ್ಲ. ಕೊಂದೆಯಾ ಎಂದರೆ ಹೌದು ಅನ್ನುತ್ತಾನೆ. ಅನ್ನ ಮುಟ್ಟಿಲ್ಲ.”

ಟೀಚರು ಮೂತಿಯಿಂದ ಇಳಿಸಿಟ್ಟ ಆ ಎರಡನೆಯ ಬೈರಾಸನ್ನು ಬಿಡಿಸಿ ನೋಡಿದರು. ಒಗೆದು ಮಡಚಿದ ಗೆರೆ ಹಾಗೇ ಇತ್ತು, ಅಂಚಿನಲ್ಲಿ ಕೆಂಪು ನೂಲಿನ ಒಂದು ಹೊಲಿಗೆ. ಎಣ್ಣೆಯ ಕಲೆಯಾಗಲಿ, ಬೆವರಿನ ವಾಸನೆಯಾಗಲಿ ಇರಲಿಲ್ಲ.

“ಕೃಷ್ಣಯ್ಯ, ಅಡಿಗೆ ಹೊಕ್ಕಿ ಕಂಡ್ಕಂಡ್ ಬಾ ಕಾಂಬ.”

ಹೆಣ ತೆಗೆಯಲು ಮಂಜಿಯನ್ನು ಮತ್ತೆ ಎತ್ತಿ ಕಂಬ ಕೊಟ್ಟಿದ್ದರು. ಆದರೂ ಕೃಷ್ಣಯ್ಯ ಕಂಬವನ್ನೊಮ್ಮೆ ಅಲ್ಲಾಡಿಸಿ ನೋಡಿದ. ಮನಸ್ಸಿನಲ್ಲೇ ದೇವರನ್ನು ನೆನೆದು ತೆವಳಿದ. ಹೊರಬಂದಾಗ ಅಂಗಿಯೆಲ್ಲ ಕೆಸರು.

“ಬಚ್ಚ ಬಿದ್ದಲ್ಲಿ ತಲೆ ಮೇಲಿನ ಹಲಗೆಯ ಸಂದಿಗೆ ನೀರು ಸೋರದಂತೆ ಹೊಸದಾಗಿ ಎಣ್ಣೆ ಹತ್ತಿ ತುಂಬಿದ್ದಾರೆ ಟೀಚರೇ, ಎಣ್ಣೆ ಇನ್ನೂ ಅಂಟುತ್ತದೆ. ಗೇಣುದ್ದ ಮಾತ್ರ. ಒಂದು ವಿಚಿತ್ರ. ಆ ಕಡೆಯ ಉಳಿ ಗುರುತೆಲ್ಲ ಬಲಕ್ಕೆ ವಾಲಿದೆ. ಈ ಗೇಣುದ್ದದಲ್ಲಿ ಎಡಕ್ಕೆ.”

ಟೀಚರು ನೇರ ಬಲಗಡೆಯವರ ಚಪ್ಪರಕ್ಕೆ ನಡೆದರು. ಎಡಗಡೆಯವರಿಗೆ ಬೇರೆಯೇ ಚಪ್ಪರ, ಬೇರೆಯೇ ನೀರಿನ ಕೊಡ.

“ಆ ಚಪ್ಪರದ ಕೊಡದಿಂದ ಒಂದ್ ಲೋಟ ನೀರ್ ತಂದ್ ಕೊಡ್ ಮಾರಾಯ,” ಎಂದು ಅಲ್ಲಿದ್ದ ಕಿಟ್ಟನಿಗೆ ಹೇಳಿದರು.

ಕಿಟ್ಟ ನಿಂತಲ್ಲೇ ನಿಂತ. “ನಮ್ ಕೊಡದ್ದೇ ಕುಡೀನಿ ಟೀಚರೇ. ಅತ್ಲಾಗ್ ನಾವ್ ಕಾಲ್ ಇಡುದಿಲ್ಲೆ. ಇಟ್ರೆ ಆರೂ ಜನ ಎದ್ದ್ ನಿಂತ್ಕಂತ್ರ್.”

ಆಗ ಮುದುಕ ಶೀನ ಸದ್ದಿಲ್ಲದೆ ಎದ್ದುಹೋಗಿ ಎಡಚಪ್ಪರದಿಂದ ನೀರು ತಂದ. ಅವನು ಬಂದದ್ದನ್ನು ಅಲ್ಲಿ ಯಾರೂ ತಲೆಯೆತ್ತಿ ನೋಡಲಿಲ್ಲ. ಶೀನ ನಾಲ್ಕನೆಯ ಕ್ಲಾಸಿನವರೆಗೆ ಕೃಷ್ಣಯ್ಯನ ಜೊತೆ ಒಂದೇ ಮಣೆಯಲ್ಲಿ ಕೂತವನು. ಐತನಿಗೂ ಬಚ್ಚನಿಗೂ ಉಳಿ ಹಿಡಿಯಲು ಕಲಿಸಿದವನು. ಕೈ ನಡುಗತೊಡಗಿದ ಮೇಲೆ ಉಳಿ ಬಿಟ್ಟು, ಈ ಮೂರು ತಿಂಗಳು ಅವರ ಮಾತನ್ನು ಇವರಿಗೆ, ಇವರ ಮಾತನ್ನು ಅವರಿಗೆ ಮುಟ್ಟಿಸಿಕೊಂಡಿದ್ದ.

“ಶೀನಾ, ಸೋತ್ ಹೋಯಿದ್ದಿ ಮಾರಾಯ,” ಎಂದ ಕೃಷ್ಣಯ್ಯ. ಶೀನ ಲೋಟ ತೊಳೆದಿಡಲು ಹೊರಟ. ಮಕ್ಕಳಂತಿದ್ದ ಇಬ್ಬರಲ್ಲಿ ಒಬ್ಬ ಮಸಣಕ್ಕೆ, ಒಬ್ಬ ಠಾಣೆಗೆ ಹೋದ ಮೇಲೆ ಮುದುಕ ಏನು ತಾನೇ ಹೇಳಿಯಾನು ಎಂದುಕೊಂಡ ಕೃಷ್ಣಯ್ಯ.

ಅಲ್ಲಿಂದ ಬಚ್ಚನ ಮನೆ. ಅವನ ಹೆಂಡತಿ ಸುಗಂಧಿ ಗೋಡೆಗೊರಗಿ ಕುಳಿತಿದ್ದಳು. ಕಣ್ಣು ಒಣಗಿತ್ತು.

“ಇದ್ ನಿಮ್ ಮನಿದೇ ಅಲ್ದಾ?” ಟೀಚರು ಬೈರಾಸು ತೋರಿಸಿದರು.

“ಹೌದ್. ಕೆಂಪ್ ನೂಲ್ ನಾನೇ ಹಾಕದ್ದ್. ಮಂಜಿ ನೀರಿಗಿಳ್ದ್ ಮೇಲೆ ಪೂಜಿಗೆ ಹೊದುಕೆ ಅಂದ್ ಒಗ್ದದ್ದೊಂದ್ ಚೀಲದಂಗೆ ಹಾಕಿ ಕೊಟ್ಟಿದ್ದೆ.”

“ಚೀಲ ಎಲ್ಲಿ ಇಡ್ತಿದ್ದ?”

“ಅವ್ರ್ ಚಪ್ಪರದಂಗೆ, ಮತ್ತೆಲ್ಲಿ?”

“ಇನ್ನೊಂದ್ ಮಾತ್. ಬಚ್ಚ ಯಾವ ಕೈಯಂಗ್ ಕೆಲ್ಸ ಮಾಡ್ತಿದ್ದ?”

“ಉಂಬುದ್ ಬಿಟ್ರೆ ಎಲ್ಲ ಎಡಗೈಯಂಗೇ.”

ದಾರಿಯಲ್ಲಿ ಟೀಚರು ಬೈರಾಸಿನ ಕೆಂಪು ನೂಲನ್ನೇ ಸವರುತ್ತ ನಡೆದರು. ಗೊತ್ತಾಯಿತೇ ಎಂದು ಕೃಷ್ಣಯ್ಯ ಕೇಳಿದ್ದಕ್ಕೆ, “ಗೊತ್ತಾಪ್ದೇ ಬೇಡ ಇತ್ತ್ ಕೃಷ್ಣಯ್ಯ,” ಎಂದರಷ್ಟೇ.

ಮಧ್ಯಾಹ್ನ ನಾಲ್ಕಕ್ಕೆ ಮಂಜಿಯ ಹತ್ತಿರ ಎಲ್ಲರೂ ಸೇರಿದರು. ಅಣ್ಣಯ್ಯ ಶೆಟ್ಟರು ಕುರ್ಚಿಯಲ್ಲಿ. ಹನ್ನೆರಡು ಕೆಲಸಗಾರರು ಆಗಲೂ ಎರಡು ಪಂಗಡವಾಗಿ, ನಡುವೆ ಹಾದಿ ಬಿಟ್ಟು ನಿಂತಿದ್ದರು. ಎಸ್ಸೈ ಐತನನ್ನು ಕರೆತಂದಿದ್ದರು. ಸೂತಕದ ಮನೆಯಿಂದ ಬರಬೇಡವೆಂದರೂ ಕೇಳದೆ ಸುಗಂಧಿ ಬಂದಿದ್ದಳು.

“ಮೊದ್ಲ್ ಬಚ್ಚ ಐತನ ಕಡೆ ಎಂತಕೆ ಹೋದ ಅಂದ್ ಕಾಂಬ,” ಎಂದು ಟೀಚರು ಆರಂಭಿಸಿದರು. “ಅಲ್ಲಿ ಒಂದು ಗೇಣು ಸಂದಿಗೆ ಹೊಸ ಹತ್ತಿ ತುಂಬಿದೆ, ಎಡಗೈಯ ಕೆಲಸ. ಐತನ ಹಲಗೆ ಅಲ್ಲಿ ಸ್ವಲ್ಪ ಬಿಟ್ಟುಕೊಂಡಿತ್ತು. ನೀರಿಗಿಳಿದರೆ ಸೋರುತ್ತಿತ್ತು, ಎಲ್ಲರೆದುರು ಐತನ ಮರ್ಯಾದೆ ಹೋಗುತ್ತಿತ್ತು, ಮೇಸ್ತ್ರಿ ಪಟ್ಟ ಬಚ್ಚನಿಗೆ ಬರುತ್ತಿತ್ತು. ತನ್ನ ಕಡೆ ಬಗ್ಗಿ ನೋಡುವಾಗ ಬಚ್ಚ ಅದನ್ನು ಕಂಡ. ಕಂಡು, ಯಾರಿಗೂ ಹೇಳದೆ ಹೊಕ್ಕು ಸರಿಮಾಡಿದ.”

ಅದುವರೆಗೆ ನೆಲ ನೋಡುತ್ತಿದ್ದ ಐತ ತಲೆಯೆತ್ತಿದ. “ನನ್ ಸಂದಿಯಾ?” ಎಂದ. ಮತ್ತೆ ಕೇಳಿದ, “ನನ್ ಸಂದಿ ಕಟ್ಟುಕೆ ಹೋದ್ನಾ?”

“ಹೌದ್ ಐತ. ನೀನು ಬಗ್ಗಿ ನೋಡಿ ಬೈರಾಸು ತೂಗಿಸಿ ಆದ ಮೇಲೆ ಅವನು ಎಡಗಡೆಯಿಂದ ತೆವಳಿ ಬಂದ. ಅವನಿಗೆ ಹೆದರಿಕೆ ಇರಲಿಲ್ಲ. ತನ್ನ ಬೈರಾಸು ತನ್ನ ತಲೆಯಲ್ಲೇ ಇದೆ, ಅದು ಮೂತಿಗೆ ಹೋಗದೆ ಕಂಬ ಬೀಳುವುದಿಲ್ಲ ಅಂದುಕೊಂಡ. ಕಟ್ಟಳೆ ಪ್ರಕಾರ ಅವನೆಣಿಕೆ ಸರಿಯೇ.”

“ಹಾಗಾದರೆ ಎರಡನೆಯದನ್ನು ಹಾಕಿದ್ದು ಯಾರು?” ಎಸ್ಸೈ ಕೇಳಿದರು.

“ಅದು ಬಚ್ಚನ ಚೀಲದಲ್ಲಿದ್ದ ಒಗೆದ ಬೈರಾಸು. ಚೀಲ ಎಡಚಪ್ಪರದಲ್ಲಿತ್ತು. ಐತನಾಗಲಿ, ಅವನ ಕಡೆಯ ಆರು ಜನರಾಗಲಿ ಅಲ್ಲಿಗೆ ಕಾಲಿಟ್ಟರೆ ಗಲಾಟೆಯಾಗುತ್ತಿತ್ತು. ನಂಗೆ ಕುಡಿಯಲು ನೀರು ತರುವುದಕ್ಕೇ ಕಿಟ್ಟನಿಂದ ಆಗಲಿಲ್ಲ. ಎಡಗಡೆಯವರು ಹಾಕಲಿಲ್ಲ, ಅವರೆಲ್ಲ ಕಂಬದ ಹತ್ತಿರ ಕೊಡತಿ ಹಿಡಿದು ಒಟ್ಟಿಗೆ ನಿಂತಿದ್ದರು. ಶೆಟ್ಟರು ಎಲ್ಲರೆದುರು ಕುರ್ಚಿ ಬಿಟ್ಟೇಳಲಿಲ್ಲ. ಎರಡೂ ಚಪ್ಪರಕ್ಕೆ ಹೋಗಿ ಬಂದರೂ ಯಾರ ಕಣ್ಣಿಗೂ ಬೀಳದವನು ಈ ಅಂಗಳದಲ್ಲಿ ಒಬ್ಬನೇ.”

ಕೃಷ್ಣಯ್ಯನಿಗೆ ಆ ಹೆಸರು ಟೀಚರ ಬಾಯಿಂದ ಬರುವ ಮೊದಲೇ ಹೊಳೆಯಿತು. ಬೇಡ ಟೀಚರೇ, ಹೇಳಬೇಡಿ ಎಂದು ಕೂಗಬೇಕೆನಿಸಿತು. ಹೇಳುವ ಅಗತ್ಯವೂ ಬೀಳಲಿಲ್ಲ. ಶೀನ ತಾನೇ ನಡುವಿನ ಹಾದಿಗೆ ಬಂದು ನಿಂತಿದ್ದ.

“ಶೆಟ್ರ್ ಮುಹೂರ್ತ ಮೀರ್ತ್ ಅಂದ್ ಬೈತಿದ್ರ್. ಬಚ್ಚನ್ನ ಹುಡ್ಕದೆ, ಕಾಂತಿಲ್ಲೆ. ಐತ ಮೂತಿ ಹತ್ರ ನಿಂತದ್ದಕ್ಕೆ ಅಂವ ಸಿಟ್ಟಂಗೆ ಎಲ್ಲೋ ಕೂತಿದ್ದ ಅಂದ್ಕಂಡೆ. ಈ ಮೂರ್ ತಿಂಗ್ಳ್ ಹಾಂಗೇ ಅಲ್ದಾ ಮಾಡದ್ದ್ ನಾನ್? ಇವ ಮಾಡದಿದ್ದದ್ ಇವ್ನ ಹೆಸ್ರಂಗೆ, ಅವ ಮಾಡದಿದ್ದದ್ ಅವ್ನ ಹೆಸ್ರಂಗೆ ನಾನೇ ಮಾಡ್ದೆ. ಜಗಳ ಆಪ್ದ್ ಬೇಡ ಅಂದ್, ಐತ ಕಂಬಕ್ಕೆ ಹೋದ್ ಮೇಲೆ, ಚೀಲದಂಗಿದ್ದ ಬೈರಾಸ್ ತೆಗ್ದ್ ಮೂತಿಗೆ ಹಾಕ್ದೆ.” ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. “ಆಮೇಲೆ ಹೇಳುಕೆ ಬಾಯ್ ಬರ್ಲಿಲ್ಲೆ. ನನ್ ಕೈಯಂಗೇ ಬೆಳ್ದ ಹುಡ್ಗ, ನಾನೇ ಕೊಂದೆ.”

ಕೃಷ್ಣಯ್ಯ ಹೋಗಿ ಅವನ ತೋಳು ಹಿಡಿದುಕೊಂಡ. ಬೇರೇನು ಮಾಡಬೇಕೆಂದು ಅವನಿಗೆ ತೋಚಲಿಲ್ಲ.

ಅಣ್ಣಯ್ಯ ಶೆಟ್ಟರು ಕುರ್ಚಿಯಿಂದ ಎದ್ದರು. “ನಾನ್ ಕೆಲ್ಸ ಚುರುಕಾಯ್ಲಿ ಅಂದ್ ಪೈಪೋಟಿ ಇಟ್ಟದ್ದ್. ಮಿಲ್ಲಂಗೆ ಹಾಂಗೇ ಮಾಡುದ್.”

“ಕೆಲ್ಸ ಚುರುಕೂ ಆಯ್ತ್ ಶೆಟ್ರೇ,” ಎಂದರು ಟೀಚರು. ಅವರ ದನಿ ಏರಲಿಲ್ಲ. “ಮೊದಲಾಗಿದ್ದರೆ ಬಚ್ಚ, ಹ್ವಾಯ್ ಐತ, ನಿನ್ ಹಲಗೆ ಬಿಟ್ಕಂಡಿತ್ತ್ ಎಂದು ಕೂಗುತ್ತಿದ್ದ. ಐತ ನಗುತ್ತಿದ್ದ, ಇಬ್ಬರೂ ಸೇರಿ ಕಟ್ಟುತ್ತಿದ್ದರು. ನಿಮ್ಮ ಪಂದ್ಯ ಬಂದ ಮೇಲೆ ಹಾಗೆ ಕೂಗಿದರೆ ಐತನ ಸೋಲನ್ನು ಡಂಗುರ ಹೊಡೆದಂತೆ. ಅದಕ್ಕೆ ಕದ್ದು ಹೊಕ್ಕ. ಮೊದಲೆಲ್ಲ ಕಂಬ ಹೊಡೆಯುವ ಮುಂಚೆ ಐತ, ಬಚ್ಚಾ, ಆಯ್ತಾ ಎಂದು ಕರೆಯುತ್ತಿದ್ದನಂತೆ. ಗುಲಾಬಿ ದಾರಿಯಲ್ಲಿ ಹೇಳಿದಳು. ಆ ಒಂದು ಕರೆ ನಿನ್ನೆ ಇರಲಿಲ್ಲ. ಬೈರಾಸು ಕಂಡಿತಲ್ಲ, ಸಾಕು ಅಂದುಕೊಂಡರು. ಶೀನನೂ ತಿಳಿದು ಮಾಡಿದ್ದಲ್ಲ. ಕೊಲೆಗಾರ ಅಂತ ಯಾರ ಹೆಸರನ್ನು ಬರೆಯುತ್ತೀರಿ ಸಾಹೇಬ್ರೆ?”

ಎಸ್ಸೈ ಪುಸ್ತಕ ಮುಚ್ಚಿದರು. ಆಕಸ್ಮಿಕವೆಂದು ಬರೆಯುವುದಾಗಿಯೂ, ಶೀನ ಹೇಳಿಕೆ ಕೊಟ್ಟು ಮನೆಗೆ ಹೋಗಬಹುದೆಂದೂ, ಐತನನ್ನು ಬಿಟ್ಟಿರುವುದಾಗಿಯೂ ಹೇಳಿದರು. ಐತ ಕದಲಲಿಲ್ಲ.

“ಒಂದ್ ಸಲ ಕರೀಲಿಲ್ಲೆ ನಾನ್,” ಎಂದ. “ಬಾಯಿಗ್ ಬಂದಿತ್ತ್ ಟೀಚರೇ. ನಾನ್ ಮೊದ್ಲ್ ಮಾತಾಡುಕಾಗ ಅಂದ್ ನುಂಗ್ಕಂಡೆ.”

ಸುಗಂಧಿ ಅವನೆದುರು ಬಂದು ನಿಂತಳು. ಹೊಡೆಯುತ್ತಾಳೋ ಏನೋ ಎಂದು ಕೃಷ್ಣಯ್ಯ ಒಂದು ಹೆಜ್ಜೆ ಮುಂದಿಟ್ಟ.

“ದಿನಾ ಉಂಬತ್ತಿಗೆ ನಿಮ್ದೇ ಸುದ್ದಿ,” ಎಂದಳು ಅವಳು. “ಐತ ಇದ್ದಿದ್ರೆ ಹೀಂಗ್ ಮಾಡ್ತಿದ್ದ, ಹಾಂಗ್ ಮಾಡ್ತಿದ್ದ. ನಾಳೆ ಹೋಯಿ ಮಾತಾಡ್ತೆ ಅಂತಿದ್ರ್. ಮೂರ್ ತಿಂಗ್ಳೂ ನಾಳೆ.”

ಹಿಂದಿನಿಂದ ಗುಲಾಬಿ ಬಿಕ್ಕಿದಳು. “ಇವ್ರೂ ಹಾಂಗೇ ಅಕ್ಕ. ಬಚ್ಚ ಇಲ್ದೆ ಕೆಲ್ಸಕ್ಕ್ ಹೋಪುಕೇ ಬೇಜಾರ್ ಅಂತಿದ್ರ್.”

“ನೀ ಬಂದ್ ನಂಗ್ ಎಂತಕೆ ಹೇಳ್ಲಿಲ್ಲೆ?”

“ನೀವ್ ಬಾವಿಕಟ್ಟೆಗೆ ಬಪ್ದ್ ಬಿಟ್ರಿ. ನಿಮಗೂ ನಮ್ ಮೇಲ್ ಸಿಟ್ಟ್ ಅಂದ್ಕಂಡೆ.”

“ನೀವೆಲ್ಲ ಸಿಟ್ಟಂಗಿದ್ರಿ ಅಂದ್ಕಂಡೇ ನಾನ್ ಬಪ್ದ್ ಬಿಟ್ಟದ್ದ್,” ಎಂದಳು ಸುಗಂಧಿ. ಮತ್ತೆ ಗುಲಾಬಿಯ ಭುಜಕ್ಕೆ ತಲೆಯಿಟ್ಟು, ಗಂಡ ಸತ್ತ ಮೇಲೆ ಮೊದಲ ಸಲ ದನಿ ತೆಗೆದು ಅತ್ತಳು.