ಸರದಿಯಲ್ಲಿ ನಿಂತ ಗುಂಡಣ್ಣ

ನಿನ್ನೆ ಸಂಜೆ ಸರದಿಯಲ್ಲಿ ಮೊದಲಿದ್ದ ದರ್ಜಿ, ಈ ಬೆಳಿಗ್ಗೆ ಒಂಬತ್ತನೆಯವನಾಗಿದ್ದ!

ಕಣ್ಣಾಸ್ಪತ್ರೆಯ ದೊಡ್ಡ ಡಾಕ್ಟರು ಪರದೆಗೆ ಬೆರಳು ಕುಟ್ಟಿದರು. ದಾನವಾಗಿ ಬಂದದ್ದು ಒಂದೇ ಕಣ್ಣು. ನಾಲ್ಕು ಗಂಟೆಗೆ ಆಪರೇಷನ್. ಎರಡು ವರ್ಷ ಕಾದ ದರ್ಜಿ ಹೊರಗೆ ಬೆಂಚಿನ ಮೇಲಿದ್ದಾನೆ; ಅವನ ಜಾಗದಲ್ಲಿ ಈಗ ನೋಂದಣಿ ಗುಮಾಸ್ತೆಯ ತಾಯಿ.

“ಸರದಿ ತಿದ್ದೋ ಅಧಿಕಾರ ನಿಮ್ಮ ಲಾಗಿನ್‌ಗೆ ಮಾತ್ರ ಇರೋದು. ಆ ಗುಮಾಸ್ತೆ ಮನೇಲಿ ಉಂಡು ಬೆಳೆದವರು ನೀವು. ಇನ್ನೇನು ಕೇಳಲಿ? ಸಂಜೆಯೊಳಗೆ ಉತ್ತರ ಕೊಡಿ, ಇಲ್ಲಾಂದ್ರೆ ನಾಳೆಯಿಂದ ಬರಬೇಡಿ.”

ಎದುರಿಗೆ ನಿಂತಿದ್ದವಳು ಕೊಂಡಿ. ಆಸ್ಪತ್ರೆಯ ಡೇಟಾಬೇಸ್ ಕಟ್ಟಿದವಳೇ ಅವಳು. ಮೂರು ಹೊತ್ತೂ ಕೋಷ್ಟಕಕ್ಕೂ ಕೋಷ್ಟಕಕ್ಕೂ ಕೊಂಡಿ ಹಾಕುವ ಮಾತೇ ಆಡಿ ಆಡಿ ಆ ಹೆಸರು ಅಂಟಿಕೊಂಡಿತ್ತು. ಒಂದು ಕೋಷ್ಟಕದಲ್ಲಿ ರೋಗಿಗಳ ಹೆಸರು, ವಿಳಾಸ, ತಲೆಗೊಂದು ಸಂಖ್ಯೆ. ಇನ್ನೊಂದರಲ್ಲಿ ಸರದಿ. ಅಲ್ಲಿ ಹೆಸರಿಲ್ಲ, ಆ ಸಂಖ್ಯೆ ಮಾತ್ರ. ಸಂಖ್ಯೆ ಬದಲಿಸಿದರೆ ಮುಗಿಯಿತು, ಮನುಷ್ಯನೇ ಬದಲಾದ.

ಅವಳು ಮೂರನೆಯ ಕೋಷ್ಟಕ ತೆರೆದಳು. ಏನು ತಿದ್ದಿದರು, ಎಷ್ಟು ಹೊತ್ತಿಗೆ — ಎಲ್ಲ ಬರೆದಿಡುವ ಅದನ್ನು ಹೋದ ವಾರವಷ್ಟೇ ಸೇರಿಸಿದ್ದಳು, ಇನ್ನೂ ಯಾರ ಕಿವಿಗೂ ಹಾಕಿರಲಿಲ್ಲ.

“ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ! ಆಗ ನಾನು ನಿಮ್ಮ ರೂಮಿನಲ್ಲಿ, ನಿಮ್ಮೆದುರೇ ಇದ್ದೆನಲ್ಲ ಸರ್? ಕಂಪ್ಯೂಟರ್ ತೆರೆದಿಟ್ಟು ಬಂದೆ — ಅದು ನನ್ನ ತಪ್ಪು.”

“ಹಾಗಾದ್ರೆ ಒಳಗೆ ಬಂದವರ್‍ಯಾರು?”

ಕೊಂಡಿಯ ಕೋಣೆಯ ಕೀಲಿ ಇದ್ದದ್ದು ಹಿರಿಯ ನರ್ಸಮ್ಮನ ಬಳಿ. ಆಕೆ ಸೊಂಟಕ್ಕೆ ಕೈಯಿಟ್ಟು ನಿಂತಳು. “ಅಯ್ಯೋ, ಕಸ ಗುಡಿಸೋಕೆ ಅಂತ ಬಾಗಿಲು ತೆಗೆದಿಟ್ಟಿದ್ದೇ ತಪ್ಪಾಯ್ತಾ? ಮೌಸ್ ಮುಟ್ಟೋಕೇ ನಂಗೆ ಕೈ ನಡುಗುತ್ತೆ. ನಿಮ್ಮ ಸಂಖ್ಯೆ ಕಟ್ಟಿಕೊಂಡು ನಂಗೇನಾಗ್ಬೇಕು?”

ಗುಮಾಸ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. “ಅಮ್ಮನ ಹೆಸರು ನೋಡಿ ನಂಗೇ ಜೀವ ಹೋದ ಹಾಗಾಯ್ತು. ಕೋಷ್ಟಕ ಗೀಷ್ಟಕ ನಂಗೇನು ಗೊತ್ತು? ಟೈಪ್ ಮಾಡೋಳು ನಾನು. ನರ್ಸಮ್ಮನೇ ಅಮ್ಮನ್ನ ನೋಡಿ ಪಾಪ ಪಾಪ ಅಂತಿದ್ರು…”

ಕೊಂಡಿ ಅವಳ ಬೆನ್ನು ಸವರಿದಳು. ಒಂದೇ ಬೆಂಚಿನಲ್ಲಿ ಕೂತು ಓದಿದ ಗೆಳತಿ. ನಂಬದೆ ಇನ್ನೇನು ಮಾಡಿಯಾಳು?

ಆಮೇಲೆ ದಾಖಲೆಯ ಕಡೆ ತಿರುಗಿದಳು. ಮೂರು ಸಾಲು. ಮೊದಲ ಜಾಗದಿಂದ ದರ್ಜಿ ಹೋಗಿ ೭೭೭ ಬಂದಿದೆ. ಒಂಬತ್ತರಿಂದ ತಾಯಿ ಹೋಗಿ ದರ್ಜಿ ಬಂದಿದ್ದಾನೆ. ಕೊನೆಗೆ ೭೭೭ ಹೋಗಿ ತಾಯಿ.

“ಯಾರಿದು ೭೭೭?” ಡಾಕ್ಟರು ಕೇಳಿದರು.

ಕೊಂಡಿ ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಗುಂಡಣ್ಣ.”

“ಯಾವ ಗುಂಡಣ್ಣ?”

“ಅಂಥವನೇ ಇಲ್ಲ ಸರ್. ಸರದಿಯಲ್ಲಿ ಒಂದೇ ಸಂಖ್ಯೆ ಎರಡು ಕಡೆ ನಿಲ್ಲೋ ಹಾಗಿಲ್ಲ, ಜಾಗ ಖಾಲಿ ಬಿಡೋ ಹಾಗಿಲ್ಲ, ರೋಗಿಗಳ ಕೋಷ್ಟಕದಲ್ಲಿ ಇಲ್ಲದ ಸಂಖ್ಯೆ ಹಾಕೋ ಹಾಗೂ ಇಲ್ಲ. ಹಾಗೇ ಕೊಂಡಿ ಹಾಕಿದ್ದೀನಿ. ಇಬ್ಬರನ್ನ ಅದಲು ಬದಲು ಮಾಡೋಕೆ ನಡುವೆ ಮೂರನೆಯವನೊಬ್ಬ ನಿಲ್ಲಬೇಕು. ಕೊಂಡಿ ಗಟ್ಟಿ ಇದೆಯಾ ಅಂತ ನೋಡೋಕೆ ಅಂತಲೇ ಒಬ್ಬ ಸುಳ್ಳು ರೋಗಿಯನ್ನ ಹುಟ್ಟಿಸಿದ್ವಿ. ಪರದೆ ಮೇಲೆ ಅವನು ಯಾರಿಗೂ ಕಾಣಲ್ಲ. ಅಳಿಸೋಕೆ ಮರೆತಿದ್ದೆ.”

“ಅವನ ಸಂಖ್ಯೆ ಯಾರಿಗೆ ಗೊತ್ತಿತ್ತು?”

“ಇಬ್ಬರಿಗೆ. ಆ ಹೊತ್ತಿಗೆ ಒಬ್ಬಳು ನಿಮ್ಮೆದುರು ಕೂತಿದ್ದಳು.” ಕೊಂಡಿ ಗೆಳತಿಯ ಕಡೆ ತಿರುಗಿದಳು. “ಗುಂಡಣ್ಣ ಅಂತ ಹೆಸರಿಟ್ಟವಳು ನೀನೇ ಅಲ್ವೇನೇ? ಅವತ್ತು ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕಿದ್ವಿ.”

ಗುಮಾಸ್ತೆಯ ಅಳು ಥಟ್ಟನೆ ನಿಂತಿತು.

“ನನ್ನ ಕೆಲಸ ಹೋಗುತ್ತೆ ಅಂತ ನಿಂಗೆ ಗೊತ್ತಿರಲಿಲ್ವಾ?”

“ಗೊತ್ತಿತ್ತು. ನಿಂಗೆ ಬೇರೆ ಕೆಲಸ ಸಿಗುತ್ತೆ ಅಂದ್ಕೊಂಡೆ. ಅಮ್ಮಂಗೆ ಬೇರೆ ಕಣ್ಣು…”

ಕೊಂಡಿ ಕೀಲಿಮಣೆ ಎಳೆದುಕೊಂಡಳು. ಸರದಿಯನ್ನು ಮೊದಲಿನಂತೆ ಮಾಡಿ, ಗುಂಡಣ್ಣನನ್ನು ಅಳಿಸಿ, ಹೊರಗೆ ಬಂದಳು. ನರ್ಸಮ್ಮ ದರ್ಜಿಯ ಕೈ ಹಿಡಿದು ಒಳಗೆ ಕರೆದೊಯ್ದಳು.

ಬೆಂಚಿನ ಇನ್ನೊಂದು ತುದಿಯಲ್ಲಿ ಬಟ್ಟೆಯ ಚೀಲ ಮಡಿಲಲ್ಲಿಟ್ಟುಕೊಂಡು ಗುಮಾಸ್ತೆಯ ತಾಯಿ ಕೂತಿದ್ದಳು. ಹೆಜ್ಜೆ ಸಪ್ಪಳಕ್ಕೇ ಮುಖ ಅರಳಿತು.

“ಕೊಂಡಿನಾ? ಬಾರೇ. ನನ್ನ ಹೆಸರು ಮುಂದಕ್ಕೆ ಹಾಕಿದ್ದು ನೀನಂತೆ? ಬೆಳಿಗ್ಗೇನೇ ನನ್ನ ಮಗಳು ಹೇಳಿದಳು. ನೀನೂ ನನ್ನ ಮಗಳೇ ಕಣೇ.”

ಕೊಂಡಿ ಪಕ್ಕದಲ್ಲಿ ಕೂತು ಆ ಒರಟು ಕೈಯನ್ನು ಹಿಡಿದುಕೊಂಡಳು.

“ಇಲ್ಲಮ್ಮ, ನಾನು ಹಿಂದಕ್ಕೆ ಹಾಕಿದವಳು.”