ಹತ್ತು ದಿನದ ಕಮಾನು

ಒಂದಾನೊಂದು ಕಾಲದಲ್ಲಿ, ಹಿಟ್ನಾಳದ ಆಚೆಗೆ ಒಂದು ಊರಿತ್ತು. ಆ ಊರಿಗೆ ರಾಜನಿರಲಿಲ್ಲ, ರಾಕ್ಷಸನೂ ಇರಲಿಲ್ಲ. ಆದರೂ ಒಂದು ಮುಂಜಾನೆ ಊರಿಗೆ ಊರೇ ಬಾಗಿಲಿಗೆ ಮುಳ್ಳು ಬಡಿದು ಹೊಲಗಳಿಗೆ ಓಡಿತು. ಜಂತಿಯಿಂದ ಇಲಿಗಳು ಸತ್ತು ಬಿದ್ದಿದ್ದವು. ಪ್ಲೇಗು ಬಂದಿತ್ತು.

ಹರೆಯದ ಹಂಪವ್ವ ತನ್ನ ಅಜ್ಜಿ ಮಾಳವ್ವನೊಂದಿಗೆ ಹೊಲದ ಬಾವಿಯ ಪಕ್ಕದ ಗುಡಿಸಲು ಸೇರಿದಳು. ಜೊತೆಗೆ ಒಂಬತ್ತು ಕೋಳಿ. ವಾರದೊಳಗೆ ಕಾಡುಬೆಕ್ಕು ಐದನ್ನು ಒಯ್ದಿತು. ಉಳಿದ ನಾಲ್ಕನ್ನು ಬಿಟ್ಟರೆ ಅಜ್ಜಿಯ ಮೆಂತ್ಯದ ಮಡಿ ಕೆದರುತ್ತಿದ್ದವು, ಬುಟ್ಟಿಯಡಿ ಮುಚ್ಚಿದರೆ ಸೆಕೆಗೆ ಬಾಯಿ ತೆರೆಯುತ್ತಿದ್ದವು.

ಹಂಪವ್ವನ ಸೋದರತ್ತೆಯ ಮಗ ಕುಬೇರಪ್ಪ ಉಪಾಯ ಹೇಳಿದ. ಗಾಡಿಯ ಕಮಾನಿನಂತೆ ಬಾಗಿಸಿದ ಬಿದಿರನ್ನು ಖಾಲಿ ಮಡಿಯ ಮೇಲೆ ಸಾಲಾಗಿ ನೆಟ್ಟು, ನಡುವೆ ತೆಳು ಕಡ್ಡಿಯ ಬರಲು ಹೆಣೆದರಾಯಿತು. ಕೋಳಿಗಳು ಒಳಗೇ ಅಡ್ಡಾಡಿ, ಕೆದರಿ, ಗೊಬ್ಬರ ಹಾಕುತ್ತವೆ. ಆ ಮಡಿಗೆ ಬೀಜ ಹಾಕುವಾಗ ಕಮಾನು ಕಿತ್ತು ಮುಂದಿನ ಮಡಿಗೆ ನೆಡುವುದು. ಖರ್ಚೇ ಇಲ್ಲ. ಕಥೆಯ ರಾಜಕುಮಾರರು ಏಳು ಸಮುದ್ರದಾಚೆಯಿಂದ ಮುತ್ತು ತರುತ್ತಾರೆ, ನೀನು ಬಿದಿರನ್ನಾದರೂ ತಾ ನೋಡೋಣ ಎಂದು ಹಂಪವ್ವ ಓರೆಗಣ್ಣಲ್ಲಿ ಛೇಡಿಸಿದಳು. ಕಟ್ಟಿಯೇ ತೀರುತ್ತೇನೆಂದು ಅವನು ಮಾತು ಕೊಟ್ಟ.

ಮಾರನೆಯ ಬೆಳಗ್ಗೆ ಹೆಗಲ ಮೇಲೆ ಆರು ಕಮಾನು ಹೊತ್ತು ಬಂದ. ಅವರ ಹಳೆಯ ಗಾಡಿಯವು. ಅವು ಇದ್ದದ್ದು ಊರೊಳಗೆ, ಅವನ ಮನೆಯ ಅಟ್ಟದ ಮೇಲೆ.

ಹಂಪವ್ವ ಎರಡು ಹೆಜ್ಜೆ ಹಿಂದೆ ಸರಿದಳು. ಮುಳ್ಳು ಬಡಿದ ಊರಿಗೆ ಯಾರೂ ಕಾಲಿಡುತ್ತಿರಲಿಲ್ಲ.

ಅಜ್ಜಿ ಅವನನ್ನು ಅಲ್ಲೇ ತಡೆದಳು. ಕಮಾನುಗಳನ್ನು ಬೆಂಕಿಯ ಮೇಲಾಡಿಸಬೇಕು, ಬಟ್ಟೆ ಕುದಿಸಬೇಕು, ಹತ್ತು ದಿನ ಮಡಿಯ ಆ ತುದಿ ದಾಟಬಾರದು. ದಿನಾ ಮುಂಜಾನೆ ಎರಡೂ ತೋಳೆತ್ತಿ ಕಂಕುಳು ತೋರಿಸಬೇಕು. ಆ ಬೇನೆಯ ಗಡ್ಡೆ ಏಳುವುದು ಅಲ್ಲೇ.

ಹೀಗೆ ಅವನು ಆ ತುದಿಯಿಂದ ಕಟ್ಟುತ್ತ ಬಂದ, ಅವಳು ಈ ತುದಿಯಿಂದ ಲಕ್ಕಿ ಗಿಡದ ಬರಲು ಬಾಗಿಸಿ ಹೆಣೆಯುತ್ತ ಹೋದಳು. ನಡುವೆ ಐದು ಮಾರು ಮಣ್ಣು.

"ನಿನ್ನ ಕಮಾನು ಕತ್ತೆ ಬೆನ್ನಿನಂಗ ತಗ್ಗು ಬಿದ್ದಾವು ನೋಡು," ಅವನು ಅಲ್ಲಿಂದಲೇ ಕೆಣಕಿದ.

"ಮೊದ್ಲ ನಿನ್ನ ತಲಿ ಬಾಚ್ಕೊ. ಕಾಡಬೆಕ್ಕು ನೋಡಿದ್ರ ತನ್ನ ಅಣ್ಣ ಅಂತ ಮಾತಾಡಸ್ತೈತಿ."

ನಗುತ್ತಿದ್ದಳು, ಆದರೂ ಅವನು ಬೆವರಿದರೆ ಜ್ವರವೇ, ಕೂತರೆ ಸುಸ್ತೇ ಎಂದು ನೋಡುತ್ತಲೇ ಇದ್ದಳು. ಮೇಲಿನ ಹೊಲದ ಓಬಳೆಪ್ಪನ ಗುಡಿಸಲಿನಿಂದ ಅಳು ಕೇಳಿದ ದಿನ ಅವಳು ಸಂಜೆಗೂ ಅವನ ತೋಳೆತ್ತಿಸಿ ನೋಡಿದಳು.

ಏಳನೆಯ ಮುಂಜಾನೆ ಕುಬೇರಪ್ಪ ಎಡತೋಳು ಎತ್ತಿದ. ಬಲತೋಳು ಎತ್ತಲಿಲ್ಲ.

"ಇನ್ನೊಂದು ಎತ್ತು, ಮಾವ."

"ಆಗವಲ್ದು. ನಿನ್ನೆ ಸಂಜಿಮುಂದ ಕಮಾನು ಸಿಡದು ಭುಜಕ್ಕ ಬಡದೈತಿ."

ಅವಳು ನಂಬಲಿಲ್ಲ. ಹೆಜ್ಜೆ ಮುಂದಿಟ್ಟವಳ ಸೆರಗನ್ನು ಅಜ್ಜಿ ಹಿಡಿದಳು.

"ಸುಳ್ಳ ಹೇಳಬ್ಯಾಡ," ಹಂಪವ್ವ ನಿಂತಲ್ಲಿಂದಲೇ ಕೂಗಿದಳು. " ನಾ ಚೇಷ್ಟಿ ಮಾಡಿದ್ದಕ್ಕ ನೀ ಊರಾಗ ಹೋದಿ. ನಿನಗೇನರ ಆದ್ರ ನಾ ಹೆಂಗ ಇರ್ಲಿ? ನೀ ಇಲ್ದ ನನಗ ಯಾವ ರಾಜಕುಮಾರನೂ ಬ್ಯಾಡ."

ಅವನು ಕೈಯಲ್ಲಿದ್ದ ಹುರಿ ಕೆಳಗಿಟ್ಟ. "ಹಂಗಾರ ನನ್ನ ಲಗ್ನ ಆಗ್ತಿ?"

"ಮೊದ್ಲ ಕೈ ಎತ್ತು."

ಹಲ್ಲು ಕಚ್ಚಿ, ಎಡಗೈಯಿಂದ ಬಲ ಮೊಣಕೈ ಹಿಡಿದು ಮೇಲಕ್ಕೆತ್ತಿದ. ಕಂಕುಳು ಚೊಕ್ಕವಾಗಿತ್ತು. ಭುಜದ ಮೇಲೆ ಮಾತ್ರ ಬಿದಿರಿನಗಲ ನೀಲಿ ಬಾಸುಂಡೆ.

"ಆಗ್ತೀನಿ," ಎಂದವಳು ಅಲ್ಲೇ ಕುಕ್ಕರಿಸಿ ಅತ್ತಳು.

ಇನ್ನೂ ಮೂರು ದಿನ ಉಳಿದಿದ್ದವು. ಒಪ್ಪಿಕೊಂಡ ಮೇಲೆ ಅವಳ ಭಯ ಇಮ್ಮಡಿಸಿತು. ಈಗ ಕಳೆದುಕೊಳ್ಳಲು ಹೆಚ್ಚಿತ್ತಲ್ಲ.

ಹತ್ತನೆಯ ಸಂಜೆ ಎರಡು ಸಾಲುಗಳ ನಡುವೆ ಒಂದು ಗೇಣು ಉಳಿಯಿತು. ಅಜ್ಜಿ ಅವನ ಹಣೆ ಮುಟ್ಟಿ, ಕಂಕುಳು ಒತ್ತಿ ನೋಡಿ, ಇಬ್ಬರನ್ನೂ ಅಲ್ಲೇ ಬಿಟ್ಟು ಒಲೆಯ ಕಡೆಗೆ ನಡೆದಳು. ಅದೇ ಅಪ್ಪಣೆ.

ಕುಬೇರಪ್ಪ ಪುಂಡಿನಾರಿನ ಹುರಿಯ ಒಂದು ತುದಿ ಹಿಡಿದ. ಅವಳು ಅವನ ಬಿದಿರಿಗೂ ತನ್ನ ಬರಲಿಗೂ ಸೇರಿಸಿ ಸುತ್ತಿದಳು. ಬೆರಳಿಗೆ ಬೆರಳು ತಾಗಿತು. ಬಿಸಿ ಜ್ವರದ್ದೋ ಎಂದು ಅವಳು ಇನ್ನೊಮ್ಮೆ ಮುಟ್ಟಿ ನೋಡಿದಳು. ಅಲ್ಲ. ಉಸಿರು ಬಿಟ್ಟು ಹುರಿ ಎಳೆದಳು. ಕೊನೆಯ ಗಂಟು ಬಿತ್ತು.