ಹದಿನಾರು ಗುಂಪಿಗೆ ಹದಿನೇಳು ಟಿಕ್

ಬಾತಾಮ್ ದ್ವೀಪದ ಆ ಡೇಟಾ ಸೆಂಟರಿನ ಮೂರನೇ ಹಾಲಿನಲ್ಲಿ ಫ್ಯಾನುಗಳ ಸದ್ದು ಎಷ್ಟೆಂದರೆ, ಮಾತು ಕೇಳಿಸಬೇಕಾದರೆ ಕಿವಿಯ ಹತ್ತಿರವೇ ಬಂದು ಹೇಳಬೇಕು. ತಿಗೋರ್ ಬಂದ. ಲಾರಸ್ ಸದ್ದು ತಡೆಯಲೆಂದು ಕಿವಿಗೆ ಹಾಕಿಕೊಂಡಿದ್ದ ಮಫ್‌ನ ಒಂದು ಬದಿಯನ್ನು ಮೇಲೆ ಸರಿಸಿದಳು.

"ಚಳಿ ಆಗ್ತಿದ್ಯಾ?" ಎಂದ ಅವನು.

"ಓದಿ ಬಾಂಗ್."

"ನೀನು ನಡುಗಿದ್ರೆ ಟಿಕ್ಕು ಓರೆಯಾಗತ್ತೆ."

"ನನ್ನ ಟಿಕ್ಕಿನ ಚಿಂತೆ ನಿಮಗ್ಯಾಕೆ?"

ಅಲ್ಲಿ ತನಗಿಂತ ಹಿರಿಯ ಗಂಡಸರನ್ನೆಲ್ಲ ಬಾಂಗ್ ಎಂದೇ ಕರೆಯುವುದು. ಆದರೆ ಬೇರೆಯವರನ್ನು ಕರೆಯುವಾಗ ಆ ಮಾತು ಅವಳ ನಾಲಿಗೆಯ ಮೇಲೆ ಅಷ್ಟು ಹೊತ್ತು ನಿಲ್ಲುತ್ತಿರಲಿಲ್ಲ.

ಹೊಸ ನೆಟ್‌ವರ್ಕ್ ಸ್ವಿಚ್ ಚಾಲೂ ಮಾಡುವ ಮುಂಚೆ ಅದರೊಳಗಿನ ಫರ್ಮ್‌ವೇರ್ ಅಸಲಿಯೇ ಎಂದು ನೋಡುವುದು ಅವರಿಬ್ಬರ ಕೆಲಸ. ಸ್ವಿಚ್ ತನ್ನೊಳಗಿನ ಪ್ರೋಗ್ರಾಮಿನ ಗುರುತಾಗಿ ಅರವತ್ತನಾಲ್ಕು ಅಕ್ಷರ-ಅಂಕಿಗಳ ಸಾಲೊಂದನ್ನು ಪರದೆಯ ಮೇಲೆ ತೋರಿಸುತ್ತದೆ. ತಯಾರಕರು ಕೊಟ್ಟ ಸಾಲು ಕಾಗದದಲ್ಲಿರುತ್ತದೆ. ಎರಡೂ ಒಂದೇ ಇರಬೇಕು. ಹಾಲಿನೊಳಗೆ ಫೋನು, ಲ್ಯಾಪ್‌ಟಾಪು ಬಿಡುವುದಿಲ್ಲ. ಹಾಗಾಗಿ ಒಬ್ಬರು ಪರದೆ ನೋಡಿ ಓದುವುದು, ಇನ್ನೊಬ್ಬರು ಕಾಗದ ನೋಡಿ ಟಿಕ್ ಹಾಕುವುದು, ನಾಲ್ಕು ನಾಲ್ಕರಂತೆ ಹದಿನಾರು ಗುಂಪು.

ಆ ವಾರ ಅದೇ ಮಾದರಿಯ ಹನ್ನೊಂದು ಸ್ವಿಚ್ ಮುಗಿದು, ಇದು ಹನ್ನೆರಡನೆಯದು. ಹನ್ನೊಂದಕ್ಕೂ ಒಂದೇ ಸಾಲು.

ತಿಗೋರ್ ಓದತೊಡಗಿದ. ಮೆದಾನ್ ಕಡೆಯ ಬಾತಕ್ ಜನಾಂಗದ ಗಂಡಸಿನ ಗಡಸು ದನಿ, ಅವಳ ಕಿವಿಯ ಹತ್ತಿರ ಬಂದಾಗ ಮಾತ್ರ ಮೆತ್ತಗಾಗುತ್ತಿತ್ತು. ಅವನ ಉಸಿರು ಕೆನ್ನೆಗೆ ತಾಗಿದಾಗೆಲ್ಲ ಲಾರಸ್ ಒಂದು ಟಿಕ್ ಹಾಕಿದಳು. ಓದಿ ಮುಗಿಸಿದ ಮೇಲೂ ಅವನು ತಕ್ಷಣ ದೂರ ಸರಿಯಲಿಲ್ಲ, ಅವಳೂ ಸರಿಯಲಿಲ್ಲ.

ಮೂರು ವಾರದ ಮೇಲೆ ಒಂದು ಬೆಳಿಗ್ಗೆ ಆ ಸ್ವಿಚ್ ತಾನಾಗಿಯೇ ಆಫ್ ಆಗಿ ಆನ್ ಆಗತೊಡಗಿತು. ಅದರ ಮೂಲಕವೇ ಕಂಪ್ಯೂಟರ್ ನಡೆಸುತ್ತಿದ್ದ ದ್ವೀಪದ ಒಂದು ಆಸ್ಪತ್ರೆಯಲ್ಲಿ ನಲವತ್ತು ನಿಮಿಷ ಚೀಟಿ ಕೊಡುವ ಕೌಂಟರ್ ನಿಂತುಹೋಯಿತು. ಜ್ವರದ ಮಕ್ಕಳನ್ನು ಎತ್ತಿಕೊಂಡು ತಾಯಂದಿರು ಅಂಗಳದ ಬಿಸಿಲಿನಲ್ಲಿ ನಿಂತಿದ್ದರು. ಸ್ವಿಚ್ ಬಿಚ್ಚಿ ನೋಡಿದರೆ, ಒಳಗಿದ್ದದ್ದು ಯಾರೋ ಗೋದಾಮಿನಲ್ಲಿ ತುಂಬಿಸಿದ್ದ, ಇನ್ನೂ ಪರೀಕ್ಷೆಯಲ್ಲಿದ್ದ ಫರ್ಮ್‌ವೇರ್. ಸಾಲಿನಲ್ಲಿ ಒಂದಕ್ಷರ ಹೆಚ್ಚುಕಮ್ಮಿ ಅಂತಲ್ಲ, ಹದಿನಾರಕ್ಕೆ ಹದಿನಾರು ಗುಂಪೂ ಬೇರೆ.

"ಹೇಗೆ ಪಾಸಾಯ್ತು ಇದು?" ಮ್ಯಾನೇಜರ್ ಇಬು ಹಲೀಮಾ ಇಬ್ಬರನ್ನೂ ಕರೆದು ಕೇಳಿದರು. ಇಬು ಎಂದರೆ ಅಲ್ಲಿ ಅಮ್ಮ, ಮೇಡಂ ಎಂದ ಹಾಗೆ.

"ತಪ್ಪು ನಂದು ಇಬು," ಎಂದ ತಿಗೋರ್. "ಪರದೆ ನೋಡ್ಲಿಲ್ಲ. ಬಾಯಿಪಾಠ ಆಗಿತ್ತು, ಒಪ್ಪಿಸಿಬಿಟ್ಟೆ."

ಅದು ಸುಳ್ಳೆಂದು ಲಾರಸ್‌ಗೆ ಗೊತ್ತಿತ್ತು. ಅವನ ಕಣ್ಣು ಪರದೆ ಬಿಟ್ಟು ಕದಲಿದ್ದನ್ನು ಅವಳು ಕಂಡಿರಲಿಲ್ಲ. ಅಷ್ಟು ಹತ್ತಿರದಿಂದ ನೋಡಿದ್ದಳಲ್ಲ. ಆದರೂ ಅವಳ ಬಾಯಿಂದ ಮಾತು ಹೊರಡಲಿಲ್ಲ.

"ಶುಕ್ರವಾರದ ತನಕ ಇರು. ಆಮೇಲೆ ಕೆಲಸ ಬಿಟ್ಟು ನಿನ್ನೂರು ಮೆದಾನಿಗೆ ಹೊರಡು," ಎಂದರು ಇಬು ಹಲೀಮಾ.

ಮೂರು ದಿನ ಲಾರಸ್ ತಟ್ಟೆಯ ಅನ್ನವನ್ನು ಸುಮ್ಮನೆ ಕೆದಕುತ್ತ ಕೂತಳು. ಕ್ಯಾಂಟೀನಿನಲ್ಲಿ ತಿಗೋರ್ ಎದುರಿಗೇ ಕೂತು, ತನ್ನ ತಟ್ಟೆಯ ಮೊಟ್ಟೆಯನ್ನು ಅವಳ ಅನ್ನದ ಮೇಲೆ ಇಟ್ಟು, "ತಿನ್ನು. ಮುಖ ನೋಡಿದ್ರೆ ಊರು ಬಿಡೋದು ನೀನೇ ಅನ್ನಬೇಕು," ಎಂದು ಕಿಚಾಯಿಸಿದ. ಅವಳು ಮೊಟ್ಟೆ ತಿಂದಳು. ಇವನನ್ನು ಬಲಿಕೊಟ್ಟು ಇವನದ್ದೇ ಮೊಟ್ಟೆ ತಿನ್ನುತ್ತಿದ್ದೇನೆ ಎನಿಸಿ ತನ್ನ ಮೇಲೆಯೇ ಹೇಸಿಗೆಯಾಯಿತು.

ಗುರುವಾರ ಮಧ್ಯಾಹ್ನ ಅವಳು ಇಬು ಹಲೀಮಾರ ಬಾಗಿಲು ತಟ್ಟಿದಳು.

"ಅವರು ಸರಿಯಾಗೇ ಓದಿದ್ರು ಇಬು. ನಾನೇ ಕೇಳಿಸ್ಕೊಳ್ಳಲಿಲ್ಲ."

"ಸದ್ದಿತ್ತಾ?"

"ಇಲ್ಲ." ಲಾರಸ್ ತಲೆ ತಗ್ಗಿಸಿದಳು. "ಅವರ ದನಿ ಕೇಳ್ತಾ ಇದ್ದೆ. ಏನು ಓದ್ತಿದ್ದಾರೆ ಅಂತ ಕೇಳಲಿಲ್ಲ."

ಇಬು ಹಲೀಮಾ ನಗಲಿಲ್ಲ, ಗದರಲೂ ಇಲ್ಲ. ಡ್ರಾಯರ್‌ನಿಂದ ಕಾಗದ ತೆಗೆದು ಮುಂದಿಟ್ಟರು. "ಟಿಕ್ ಎಣಿಸು."

ಲಾರಸ್ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. ಹದಿನೇಳು. ಆರನೇ ಗುಂಪಿಗೆ ಎರಡು.

"ಬಾಯಿಪಾಠ ಒಪ್ಪಿಸೋನು ಒಂದೇ ಗುಂಪನ್ನ ಎರಡು ಸಲ ಹೇಳಲ್ಲ. ಇಬ್ಬರಲ್ಲಿ ಯಾರು ಮೊದಲು ಬಾಯಿ ಬಿಡ್ತೀರಿ ಅಂತ ಮೂರು ದಿನದಿಂದ ಕಾದೆ. ಹೋಗು, ಯಾಕೆ ಎರಡು ಸಲ ಓದಿದೆ ಅಂತ ಅವನನ್ನ ಕೇಳಿಕೊಂಡು ಬಾ."

ತಿಗೋರ್ ಬೈಕ್ ನಿಲ್ಲಿಸುವ ಕಡೆ ಕೇತಪಾಂಗ್ ಮರದ ನೆರಳಲ್ಲಿ ಕೂತಿದ್ದ. ಅವಳು ಕೇಳಿದಾಗ ಕೆಳಗೆ ಬಿದ್ದಿದ್ದ ಎಲೆಯೊಂದನ್ನು ಎತ್ತಿ ನಡುವೆ ಸೀಳಿದ.

"ಮೊದಲ ಗುಂಪೇ ಹೊಸದು ಅನಿಸ್ತು," ಎಂದ. "ನೀನು ಟಿಕ್ ಹಾಕಿದೆ. ಕಾಗದ ಬದಲಾಗಿರಬೇಕು ಅಂದ್ಕೊಂಡೆ. ಅನುಮಾನ ಹೋಗಲಿಲ್ಲ, ಆರನೇದನ್ನ ಎರಡು ಸಲ ಓದಿದೆ. ಎರಡಕ್ಕೂ ನೀನು ಟಿಕ್ ಹಾಕಿದೆ. ನೀನು ಕೇಳಿಸ್ಕೊಳ್ತಿಲ್ಲ ಅಂತ ಆಗ್ಲೇ ಗೊತ್ತಾಯ್ತು."

"ಮತ್ತೆ ನಿಲ್ಲಿಸಲಿಲ್ಲ ಯಾಕೆ?"

"ನಿಲ್ಲಿಸಿದ್ರೆ ನೀನು ದೂರ ಸರೀತಿದ್ದೆ." ಅವನು ಮುಖ ಒರೆಸಿಕೊಂಡ. "ಖುಷಿಯಾಗಿಬಿಡ್ತು ಲಾರಸ್. ಆ ಖುಷಿಗೆ ಆ ಮಕ್ಕಳು ಬಿಸಿಲಲ್ಲಿ ನಿಂತ್ರು. ತಪ್ಪು ನಂದು ಅಂದಿದ್ದು ಸುಳ್ಳಲ್ಲ."

"ನಾನು ಮೂರು ದಿನ ಸುಮ್ಮನಿದ್ದೆ ಬಾಂಗ್."

"ಹೌದು. ಸಿಟ್ಟು ಬಂತು. ಇನ್ನೂ ಪೂರ್ತಿ ಹೋಗಿಲ್ಲ." ಅವನು ಎದ್ದು ನಿಂತ. "ನಾನೂ ನಿಜ ಹೇಳಿರ್ಲಿಲ್ಲ, ಅದಕ್ಕೇ ಜಾಸ್ತಿ ಸಿಟ್ಟು ಮಾಡೋಕೂ ಆಗ್ತಿಲ್ಲ."

ಇಬ್ಬರೂ ಒಳಗೆ ಹೋಗಿ ನಡೆದದ್ದನ್ನು ನಡೆದ ಹಾಗೆ ಬರೆದುಕೊಟ್ಟರು. ಇಬು ಹಲೀಮಾ ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು.

"ಯಾರೂ ಮೆದಾನಿಗೆ ಹೋಗಬೇಕಾಗಿಲ್ಲ. ಆರು ತಿಂಗಳು ಇಬ್ಬರೂ ಯಾವ ತಪಾಸಣೆಗೂ ಕೈ ಹಾಕಬಾರದು. ನಾಳೆ ನನ್ನ ಜೊತೆ ಆಸ್ಪತ್ರೆಗೆ ಬಂದು ಕ್ಷಮೆ ಕೇಳ್ತೀರಿ. ಇನ್ನು ನಿಮ್ಮಿಬ್ಬರನ್ನ ಎಂದೂ ಜೋಡಿ ಹಾಕಬಾರದು ಅಂತ ಬರೀಬೇಕು. ಫಾರಮ್ಮಿನಲ್ಲಿ ಕಾರಣ ಮೂರೇ ಇವೆ: ಒಡಹುಟ್ಟಿದವರು, ಗಂಡ-ಹೆಂಡತಿ, ಮದುವೆ ನಿಶ್ಚಯವಾದವರು. ನಿಮಗೆ ಯಾವುದೂ ಹೊಂದಲ್ಲ."

ತಿಗೋರ್ ಎಂದಿನಂತೆ ಭಾರವನ್ನು ತಾನೇ ಹೊತ್ತುಕೊಳ್ಳಲು ಬಾಯಿ ತೆರೆದ. ಲಾರಸ್ ಅವನ ತೋಳು ಹಿಡಿದು ತಡೆದಳು.

"ಮೂರನೇದು ಬರೀರಿ ಇಬು," ಎಂದಳು. "ಅವರ ಸಿಟ್ಟು ಇಳಿಯೋ ತನಕ ನಾನು ಕಾಯ್ತೀನಿ."

ತಿಗೋರ್ ತೋಳನ್ನು ಬಿಡಿಸಿಕೊಳ್ಳಲಿಲ್ಲ. ಇಬು ಹಲೀಮಾ ಅವನ ಮುಖವನ್ನೊಮ್ಮೆ ನೋಡಿ, ಪೆನ್ನಿನ ಮುಚ್ಚಳ ತೆಗೆದು ಬರೆದರು.